ಯುದ್ಧ ಕಂಡು ಬಂದ ಹಿರಿಯರಿಗೆ ಮುಂಬೈ ಮನೆಯಲ್ಲಿ ಜಾಗ

ನನ್ನ ಸೋದರಮಾವ ಸುಡಾನಿನಿಂದ ಬಂದಾಗ ಕೈಯಲ್ಲಿದ್ದದ್ದು ಒಂದು ರೆಕ್ಸಿನ್ ಚೀಲ. ಎರಡು ಅಂಗಿ, ಒಂದು ಲುಂಗಿ, ಅರ್ಧ ಮುಗಿದ ಬಿ.ಪಿ. ಮಾತ್ರೆಯ ಸ್ಟ್ರಿಪ್, ಜೊತೆಗೊಂದು ಸೌಟು. ಸೌಟು ಯಾಕೆ ಎಂದು ನಾವು ಕೇಳಲಿಲ್ಲ. ಆಗ ಅವರಿಗೆ 72 ವರ್ಷ. ಅದರಲ್ಲಿ 26 ವರ್ಷ ಖಾರ್ಟೂಮಿನ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡಿಕೊಂಡಿದ್ದವರು.

2023ರ ಏಪ್ರಿಲ್ 15ರಂದು ಅಲ್ಲಿನ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಕಾಳಗ ಹತ್ತಿಕೊಂಡಿತು. 24ಕ್ಕೆ ನಮ್ಮ ಸರ್ಕಾರ ‘ಆಪರೇಷನ್ ಕಾವೇರಿ’ ಶುರು ಮಾಡಿತು. ಖಾರ್ಟೂಮಿನ ವಿಮಾನ ನಿಲ್ದಾಣ ಮುಚ್ಚಿದ್ದರಿಂದ ಹೆಚ್ಚಿನವರು ಬಸ್ಸು ಹತ್ತಿ 800 ಕಿ.ಮೀ. ಆಚೆಯ ಪೋರ್ಟ್ ಸುಡಾನ್ ಸೇರಿ, ಅಲ್ಲಿಂದ ಹಡಗಿನಲ್ಲೋ ವಾಯುಪಡೆಯ ವಿಮಾನದಲ್ಲೋ ಜೆದ್ದಾ ಮುಟ್ಟಿ, ಆಮೇಲೆ ದೆಹಲಿ, ಮುಂಬೈ, ಬೆಂಗಳೂರಿಗೆ ಇಳಿದರು. ಮೇ 5ರ ಹೊತ್ತಿಗೆ 3,862 ಜನ ಪಾರಾಗಿದ್ದರು. ಎಲ್-ಫಾಶರಿನಲ್ಲಿ ಸಿಲುಕಿದ್ದ ನಮ್ಮ ಹಕ್ಕಿಪಿಕ್ಕಿ ಜನರ ಸುದ್ದಿ ನಿಮಗೂ ನೆನಪಿರಬಹುದು. 2015ರಲ್ಲಿ ಯೆಮೆನ್‌ನಿಂದ ‘ಆಪರೇಷನ್ ರಾಹತ್’ ಆದಾಗಲೂ ವಿಮಾನ ಮುಂಬೈಗೆ ಇಳಿದಿತ್ತು.

ಕರೆತರುವ ಕೆಲಸ ಸರ್ಕಾರ ಮಾಡಿತು, ಚೆನ್ನಾಗಿಯೇ ಮಾಡಿತು. ಅದರ ನಂತರದ್ದು ಘಾಟ್ಕೋಪರ್ ಅಸಲ್ಫಾದ ನಮ್ಮ ಹತ್ತು-ಹದಿನೈದು ಅಡಿಯ ಖೋಲಿಯ (ಕೋಣೆಯ) ಪಾಲಿಗೆ ಬಂತು. ಮಾವನಿಗಾಗಿ, ಮತ್ತೆ ನಮ್ಮ ಕಡೆಯ ಇನ್ನೂ ಮೂರು ನಾಲ್ಕು ಮನೆಗಳಿಗಾಗಿ ಓಡಾಡಿದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ನಾವು ಮಾಡಿದ ದೊಡ್ಡ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಪಾಪ, ಸುಸ್ತಾಗಿದ್ದಾರೆ ಎಂದುಕೊಂಡು ಅವರ ಪ್ರತಿಯೊಂದು ಕೆಲಸವನ್ನೂ ನಾವೇ ಮಾಡಿಬಿಡಲು ಹೊರಟೆವು. ಮನೆ, ದುಡ್ಡು, ಕೆಲಸ ಎಲ್ಲ ಕಳೆದುಕೊಂಡು ಬಂದವರ ಹತ್ತಿರ ಉಳಿದಿದ್ದ ‘ಹೂಂ, ಬೇಡ’ ಎನ್ನುವ ಅಧಿಕಾರವನ್ನೂ ಕಸಿದುಕೊಂಡ ಹಾಗಾಯಿತು.

ವಿಮಾನ ಇಳಿಯುವ ಮೊದಲು

ಅವರು ಇನ್ನೂ ದಾರಿಯಲ್ಲಿರುವಾಗಲೇ ಫೋನಿನಲ್ಲಿ ಹೇಳಬೇಕಾದದ್ದು ಒಂದೇ: ಕೈಯಲ್ಲಿರುವ ಪ್ರತಿ ಕಾಗದದ ಫೋಟೊ ತೆಗೆದು ಕಳಿಸಿ. ಪಾಸ್‌ಪೋರ್ಟಿನ ಎಲ್ಲ ಪುಟ, ವೀಸಾ, ಅಲ್ಲಿನ ವಾಸದ ಕಾರ್ಡು, ಸಂಬಳದ ಚೀಟಿ, ಮಾತ್ರೆಯ ಸ್ಟ್ರಿಪ್ಪಿನ ಹಿಂಬದಿ. ಪಾಸ್‌ಪೋರ್ಟ್ ಕಂಪನಿಯ ಕಪಾಟಿನಲ್ಲೇ ಉಳಿದುಹೋದವರಿಗೆ ರಾಯಭಾರ ಕಚೇರಿ ‘ಎಮರ್ಜೆನ್ಸಿ ಸರ್ಟಿಫಿಕೇಟ್’ ಕೊಡುತ್ತದೆ. ಅದು ಒಂದೇ ಸಲ, ಊರಿಗೆ ಮರಳುವುದಕ್ಕೆ ಮಾತ್ರ. ಇಳಿದ ಮೇಲೆ ಇಮಿಗ್ರೇಷನ್‌ನವರು ಅದನ್ನು ಇಟ್ಟುಕೊಳ್ಳುವುದೂ ಉಂಟು. ಫೋಟೊ ಇಲ್ಲದಿದ್ದರೆ ನಾಳೆ ‘ಯಾವ ಕಾಗದದ ಮೇಲೆ ಬಂದಿರಿ?’ ಎಂದು ಕೇಳಿದಾಗ ತೋರಿಸಲು ಏನೂ ಇರುವುದಿಲ್ಲ.

ಸುಡಾನಿನಂಥ ಹಳದಿ ಜ್ವರದ ದೇಶದಿಂದ ಲಸಿಕೆಯ ಕಾರ್ಡಿಲ್ಲದೆ ಬಂದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಹಾರ ಹಿಡಿದು ಏರ್‌ಪೋರ್ಟಿನಲ್ಲಿ ಕಾಯುವ ಬದಲು ಮಾತ್ರೆ, ಚಾರ್ಜರ್, ಒಂದು ಜೊತೆ ಒಗೆದ ಬಟ್ಟೆ, ಗೊತ್ತಿರುವ ನಂಬರಿನ ಪವರಿನ ಕನ್ನಡಕ ಒಳಗೆ ತಲುಪಿಸುವ ದಾರಿ ನೋಡಿ. ಓಡಿ ಬಂದವರಲ್ಲಿ ಕನ್ನಡಕವೂ ಹಲ್ಲಿನ ಸೆಟ್ಟೂ ಕಳೆದುಕೊಂಡವರೇ ಹೆಚ್ಚು. ಅವಿಲ್ಲದೆ ಮುದುಕರು ಅರ್ಧ ಮೂಗರು.

ಮೊದಲ ರಾತ್ರಿ

ಮಲಗಲು ಕೆಳಗೆ ಜಾಗ ಕೊಡಿ, ಏಣಿ ಹತ್ತುವ ಪೋಟ್‌ಮಾಳಾ (ಅಟ್ಟ) ಬೇಡವೇ ಬೇಡ. ಚಾಳಿಯ (ಸಾಲು ಖೋಲಿಗಳ ವಠಾರದ) ಸಂಡಾಸು ಹೊರಗಿದ್ದರೆ ಕೈಗೆ ಸಿಗುವ ಟಾರ್ಚು, ಸಾಧ್ಯವಾದರೆ ರಾತ್ರಿಗೊಂದು ಕಮೋಡ್ ಕುರ್ಚಿ. ದಾರಿಯ ಚಪ್ಪಲಿ ರಾಶಿ ಎತ್ತಿಡಿ. ಯುದ್ಧದಲ್ಲಿ ಗುಂಡು ತಪ್ಪಿಸಿಕೊಂಡ ಒಬ್ಬರು ನಮ್ಮ ಚಾಳಿಯ ಒದ್ದೆ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಊಟದ ವಿಷಯದಲ್ಲಿ ನಮ್ಮವರ ಪ್ರೀತಿ ಅಪಾಯಕಾರಿ. ಐದಾರು ದಿನಕ್ಕಿಂತ ಜಾಸ್ತಿ ಬಹುಪಾಲು ಉಪವಾಸವಿದ್ದು ಬಂದವರಿಗೆ ಮೊದಲ ದಿನವೇ ಕೋರಿ ರೊಟ್ಟಿ, ಪಾಯಸ ಬಡಿಸಬಾರದು. ಒಣಗಿದ ದೇಹಕ್ಕೆ ಒಮ್ಮೆಲೇ ಪಿಷ್ಟ, ಸಕ್ಕರೆ ಹೋದರೆ ರಕ್ತದಲ್ಲಿನ ಪೊಟ್ಯಾಸಿಯಂ, ಫಾಸ್ಫೇಟ್ ಕುಸಿದು ಹೃದಯಕ್ಕೆ ತೊಂದರೆಯಾಗುವುದುಂಟು. ಸ್ವಲ್ಪ ಸ್ವಲ್ಪ ಗಂಜಿ, ಹಲವು ಸಲ. ಮೈ ಬಹಳ ಇಳಿದಿದ್ದರೆ ಡಾಕ್ಟರಿಗೆ ತೋರಿಸಿಯೇ ಊಟ ಹೆಚ್ಚಿಸಿ.

ಇನ್ನು ನೋಡಲು ಬರುವ ಜನ. ಮೊದಲ ಭಾನುವಾರ ನಮ್ಮ ಖೋಲಿಗೆ 22 ಮಂದಿ ಬಂದಿದ್ದರು, ಎಣಿಸಿದ್ದೇನೆ. ಎಲ್ಲರದೂ ಒಂದೇ ಪ್ರಶ್ನೆ: ‘ಬಾಂಬು ನೋಡಿದಿರಾ?’ ಒಂದು ಸಂಘದವರು ಸನ್ಮಾನವನ್ನೂ ಇಟ್ಟರು. ಶಾಲು, ಹಣ್ಣಿನ ಬುಟ್ಟಿ, ಫೋಟೊ. ಮಾವ ಆ ರಾತ್ರಿ ಶಾಲನ್ನು ಮಡಚಿ ತಲೆಯಡಿಗಿಟ್ಟುಕೊಂಡು ಮಲಗಿದರು, ಮೂರು ದಿನ ಮಾತಾಡಲಿಲ್ಲ. ಅನುಭವಿಸಿದ್ದನ್ನು ಒತ್ತಾಯಿಸಿ ಹೇಳಿಸುವುದರಿಂದ ಮನಸ್ಸು ಹಗುರಾಗುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ವಿಶ್ವ ಆರೋಗ್ಯ ಸಂಸ್ಥೆಯೂ ಹಾಗೆ ಮಾಡಬೇಡಿ ಎನ್ನುತ್ತದೆ. ಅವರಾಗಿ ಹೇಳಿದರೆ ಕುಳಿತು ಕೇಳಿ, ಇಲ್ಲದಿದ್ದರೆ ಟೀ ಕೊಟ್ಟು ಸುಮ್ಮನಿರಿ. ಸನ್ಮಾನದ ಸಮಿತಿಗೆ ಹೇಳುವ ಮಾತು ಒಂದಿದೆ: ಆ ಶಾಲಿನ ದುಡ್ಡಿನಲ್ಲಿ ಕನ್ನಡಕ ಮಾಡಿಸಿಕೊಡಿ.

ಮೊದಲ ವಾರ: ಡಾಕ್ಟರು

ಪೂರ್ತಿ ತಪಾಸಣೆಯ ಪ್ಯಾಕೇಜು ಎಂದು ಎಂಟು ಸಾವಿರ ಸುರಿಯಬೇಕಾಗಿಲ್ಲ. ಹತ್ತಿರದ ಪಾಲಿಕೆ ದವಾಖಾನೆಯಲ್ಲಿ ಬಿ.ಪಿ., ಸಕ್ಕರೆ, ಹಿಮೋಗ್ಲೋಬಿನ್ ನೋಡಿಸಿ. ತೊಂದರೆ ದೊಡ್ಡದಿದ್ದರೆ ಸಯನ್, ಕೆ.ಇ.ಎಂ. ಆಸ್ಪತ್ರೆಗಳಿವೆ. ಸಕ್ಕರೆ ಕಾಯಿಲೆ, ಬಿ.ಪಿ. ಮಾತ್ರೆ ವಾರಗಟ್ಟಲೆ ತಪ್ಪಿದ್ದರೆ ಹಳೆಯ ಡೋಸನ್ನು ಮನೆಯಲ್ಲೇ ಮತ್ತೆ ಶುರು ಮಾಡಬೇಡಿ. ಮೈ ಇಳಿದವರಿಗೆ ಹಳೆಯ ಇನ್ಸುಲಿನ್ ಜಾಸ್ತಿಯಾಗಿ ಸಕ್ಕರೆ ತಳ ಹಿಡಿಯಬಹುದು. ಅರಬ್ಬಿಯಲ್ಲಿ ಬರೆದ ಸ್ಟ್ರಿಪ್ಪನ್ನು ಎಸೆಯಬೇಡಿ. ಅದರಲ್ಲಿ ಔಷಧದ ಮೂಲ ಹೆಸರು ಇಂಗ್ಲಿಷಿನಲ್ಲೂ ಇರುತ್ತದೆ, ಅದೇ ಮದ್ದು ಜನೌಷಧಿ ಅಂಗಡಿಯಲ್ಲಿ ಕಡಿಮೆಗೆ ಸಿಗುತ್ತದೆ.

ಎರಡು ಮಾತನ್ನು ಮನೆಮಂದಿ ಬಾಯಿಪಾಠ ಮಾಡಿಕೊಳ್ಳಬೇಕು. ಮುಂದಿನ ಕೆಲವು ತಿಂಗಳಲ್ಲಿ ಯಾವತ್ತು ಜ್ವರ ಬಂದರೂ ‘ಸುಡಾನಿನಿಂದ ಬಂದವರು’ ಎಂದು ಡಾಕ್ಟರಿಗೆ ಮೊದಲು ಹೇಳಿ, ಮಲೇರಿಯಾ ಪರೀಕ್ಷೆ ಮಾಡಿಸಿ. ಎರಡನೆಯದು, ನಿನ್ನೆ ಸರಿಯಿದ್ದವರು ಇವತ್ತು ಇದ್ದಕ್ಕಿದ್ದಂತೆ ಅಸಂಬದ್ಧ ಮಾತಾಡಿದರೆ ‘ಅರುಳು ಮರುಳು, ವಯಸ್ಸಾಯಿತು’ ಎಂದು ಬಿಡಬೇಡಿ. ಮರೆವಿನ ಕಾಯಿಲೆ ಮೆಲ್ಲಗೆ ಬರುತ್ತದೆ. ಒಂದೆರಡು ದಿನದಲ್ಲಿ ಬುದ್ಧಿ ಕಲಕಿದರೆ ಸೋಂಕೋ, ಸೋಡಿಯಂ ಇಳಿದದ್ದೋ, ಮಾತ್ರೆಯ ಎಡವಟ್ಟೋ ಇರುತ್ತದೆ. ಅವತ್ತೇ ಆಸ್ಪತ್ರೆಗೆ ಹೊರಡಿ.

70 ದಾಟಿದವರಿಗೆ 2024ರ ಅಕ್ಟೋಬರ್ 29ರಿಂದ ಆದಾಯ ನೋಡದೆ ‘ಆಯುಷ್ಮಾನ್ ವಯ ವಂದನ’ ಕಾರ್ಡು ಸಿಗುತ್ತದೆ, ವರ್ಷಕ್ಕೆ 5 ಲಕ್ಷದವರೆಗಿನ ಆಸ್ಪತ್ರೆ ಖರ್ಚಿಗೆ. ಅದಕ್ಕೆ ಬೇಕಾದದ್ದು ಆಧಾರ್, ವಯಸ್ಸನ್ನು ನೋಡುವುದೂ ಅದರಲ್ಲೇ. ಆಧಾರದಲ್ಲಿ ಹುಟ್ಟಿದ ವರ್ಷ ತಪ್ಪಿದ್ದರೆ ಕಾರ್ಡೂ ಇಲ್ಲ. ಇಲ್ಲಿಂದ ಕಾಗದದ ಕಥೆ ಶುರು.

ಮೊದಲು ನಂಬರು

ಕಾಗದಪತ್ರದಲ್ಲಿ ನಾವು ಎರಡು ತಿಂಗಳು ಕಳೆದುಕೊಂಡೆವು. ಮೊದಲು ಬ್ಯಾಂಕಿಗೆ ಹೋದೆವು. ಅವರು ಆಧಾರ್ ಕೇಳಿದರು. ಆಧಾರ್ ಇತ್ತು, ಆದರೆ ಅದಕ್ಕೆ ಜೋಡಿಸಿದ ಮೊಬೈಲು ನಂಬರು ಹತ್ತು ವರ್ಷ ಹಳೆಯದು. ಬಳಸದೆ ಬಿಟ್ಟ ನಂಬರನ್ನು ಕಂಪನಿ ಹಿಂದಕ್ಕೆ ಪಡೆದು ಬೇರೆಯವರಿಗೆ ಕೊಡುತ್ತದೆ. ಮಾವನ ಒಟಿಪಿ ಯಾರೋ ನಾಶಿಕದ ಹುಡುಗನಿಗೆ ಹೋಗುತ್ತಿತ್ತು. ಆ ಹುಡುಗ ಒಳ್ಳೆಯವನು, ಫೋನು ಮಾಡಿದಾಗ ಪಾಪ ಕ್ಷಮೆ ಕೇಳಿದ.

ಹಾಗಾಗಿ ಕ್ರಮ ಹೀಗೆ. ಮೊದಲು ಸಿಮ್, ಅವರ ಹೆಸರಿನಲ್ಲೇ. ಗುರುತಿನ ಕಾಗದವೇ ಇಲ್ಲದಿದ್ದರೆ ಸದ್ಯಕ್ಕೆ ನಿಮ್ಮ ಹೆಸರಿನ ಸಿಮ್ ಕೊಡಿ, ಆದರೆ ಬ್ಯಾಂಕಿಗೆ ಜೋಡಿಸಬೇಡಿ. ಆಮೇಲೆ ಆಧಾರ್ ಕೇಂದ್ರಕ್ಕೋ ಅಂಚೆ ಕಚೇರಿಗೋ ಹೋಗಿ ನಂಬರು ಬದಲಿಸಿ. ಅದಕ್ಕೆ ಬೇರೆ ದಾಖಲೆ ಬೇಡ, ಅವರೇ ಹೋಗಿ ಬೆರಳು ಒತ್ತಿದರೆ ಸಾಕು. ಜೀವನವಿಡೀ ಬಿಸಿ ಪಾತ್ರೆ ಹಿಡಿದ ಅಡುಗೆಯವರ, ಸಿಮೆಂಟು ಕಲಸಿದ ಮೇಸ್ತ್ರಿಗಳ ಬೆರಳ ಗೆರೆ ಸವೆದಿರುತ್ತದೆ. ಯಂತ್ರ ಒಪ್ಪದಿದ್ದರೆ ‘ಕಣ್ಣು ತೆಗೆದುಕೊಳ್ಳಿ’ ಎಂದು ನೀವೇ ಹೇಳಬೇಕು, ಕಣ್ಣಿನ ಪಾಪೆಯ ಗುರುತೂ ನಡೆಯುತ್ತದೆ. ಹಾಸಿಗೆ ಹಿಡಿದವರಿಗೆ ಮನೆಗೇ ಬಂದು ಮಾಡುವ ಏರ್ಪಾಡು ಆಧಾರ್ ಪ್ರಾಧಿಕಾರದಲ್ಲಿದೆ, ಅರ್ಜಿ ಹಾಕಬೇಕು.

ಆಧಾರ್ ಇಲ್ಲವೇ ಇಲ್ಲ ಎಂದರೆ? ಕಳೆದ 12 ತಿಂಗಳಲ್ಲಿ 182 ದಿನ ಇಲ್ಲಿ ವಾಸವಾಗಿರಬೇಕೆಂಬ ನಿಯಮ ಅಡ್ಡ ಬರುತ್ತದೆ. ಚಾಲ್ತಿಯಲ್ಲಿರುವ ಭಾರತೀಯ ಪಾಸ್‌ಪೋರ್ಟ್ ಇದ್ದವರು ಅನಿವಾಸಿಯಾಗಿ ಆ ಕಾಯುವಿಕೆ ಇಲ್ಲದೆ ಮಾಡಿಸಬಹುದು. ಅಂದರೆ ಅಂಥವರಿಗೆ ಪಾಸ್‌ಪೋರ್ಟ್ ಮೊದಲು. ಕಳೆದುಹೋದ ಪಾಸ್‌ಪೋರ್ಟಿಗೆ ಪೊಲೀಸ್ ವರದಿ, ಹಳೆಯದರ ಫೋಟೊ, ಎಮರ್ಜೆನ್ಸಿ ಸರ್ಟಿಫಿಕೇಟಿನ ಪ್ರತಿ ಇಟ್ಟುಕೊಂಡು ಪಾಸ್‌ಪೋರ್ಟ್ ಸೇವಾ ಕೇಂದ್ರದ ಅಪಾಯಿಂಟ್‌ಮೆಂಟ್ ಹಿಡಿಯಿರಿ. ಗಂಟು ಬಿದ್ದರೆ ಬಾಂದ್ರಾ-ಕುರ್ಲಾ ಸಂಕೀರ್ಣದ ‘ವಿದೇಶ ಭವನ’ಕ್ಕೆ ಹೋಗಬೇಕು. ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯೂ, ವಲಸೆ ಕಾರ್ಮಿಕರ ರಕ್ಷಣಾಧಿಕಾರಿಯ ಕಚೇರಿಯೂ ಒಂದೇ ಕಟ್ಟಡದಲ್ಲಿವೆ. ಹೆಂಡತಿಯೋ ಸೊಸೆಯೋ ಪರದೇಶದ ಪಾಸ್‌ಪೋರ್ಟಿನವರಾದರೆ ಎಫ್‌ಆರ್‌ಆರ್‌ಓ (ವಿದೇಶಿಯರ ನೋಂದಣಿ ಕಚೇರಿ) ನೋಂದಣಿಯನ್ನು ಆನ್‌ಲೈನಿನಲ್ಲಿ ಬೇಗ ಮುಗಿಸಿ, ತಡವಾದರೆ ದಂಡ.

ಪ್ರತಿ ಕಚೇರಿಗೂ ಹಿರಿಯರನ್ನು ಕರೆದುಕೊಂಡು ಹೋಗಿ, ಫೈಲು ಅವರ ಕೈಯಲ್ಲಿರಲಿ. ಗುಮಾಸ್ತರು ನಿಮ್ಮ ಮುಖ ನೋಡಿ ಮಾತಾಡಿದರೆ ನೀವು ಹಿರಿಯರ ಮುಖ ನೋಡಿ. ಮಾವನಿಗೆ ಮರಾಠಿ ಮರೆತೇ ಹೋಗಿದೆ ಎಂದುಕೊಂಡಿದ್ದೆ. ಪೊಲೀಸ್ ಠಾಣೆಯಲ್ಲಿ ಹವಾಲ್ದಾರರ ಜೊತೆ ನಿಂತು ಅರ್ಧ ಗಂಟೆ ಮಾತಾಡಿದರು, 1980ರ ದಶಕದ ಗಿರಣಿ ಮುಷ್ಕರದ ಬಗ್ಗೆ!

ದುಡ್ಡು

ಸುಡಾನಿ ಪೌಂಡು ತಂದವರಿಗೆ ಮೊದಲೇ ಹೇಳಿಬಿಡಿ, ಫೋರ್ಟಿನ ಮನಿ ಚೇಂಜರುಗಳ ಬಾಗಿಲು ಬಡಿದು ಪ್ರಯೋಜನವಿಲ್ಲ. ಡಾಲರು, ರಿಯಾಲು ಇದ್ದರೆ ಬ್ಯಾಂಕಿನಲ್ಲಿ ಆರ್‌ಎಫ್‌ಸಿ ಎಂಬ ಖಾತೆ ತೆರೆದು ವಿದೇಶಿ ಹಣದಲ್ಲೇ ಇಡಬಹುದು. ಅದು ಮರಳಿ ಬಂದವರಿಗಾಗಿಯೇ ಇರುವ ಖಾತೆ. ಅನಿವಾಸಿಗಳಾಗಿದ್ದಾಗ ತೆರೆದ ಎನ್‌ಆರ್‌ಇ, ಎನ್‌ಆರ್‌ಓ ಖಾತೆಗಳನ್ನು ಸಾಮಾನ್ಯ ಖಾತೆಯಾಗಿ ಬದಲಿಸಲು ಬ್ಯಾಂಕಿಗೆ ಬರೆದು ಕೊಡಬೇಕು.

ಎಷ್ಟೋ ಹಿರಿಯರಿಗೆ ಮರೆತುಹೋದ ಖಾತೆಗಳಿರುತ್ತವೆ. ಎರಡು ವರ್ಷ ವ್ಯವಹಾರವಿಲ್ಲದಿದ್ದರೆ ಖಾತೆ ಮಲಗುತ್ತದೆ, ಹತ್ತು ವರ್ಷವಾದರೆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಹೋದರೂ ಮುಳುಗುವುದಿಲ್ಲ, ಯಾವಾಗ ಬೇಕಾದರೂ ಬ್ಯಾಂಕಿನ ಮೂಲಕ ಕೇಳಬಹುದು. 2023ರ ಆಗಸ್ಟಿನಲ್ಲಿ ಬಂದ ‘ಉದ್ಗಮ್’ ಪೋರ್ಟಲಿನಲ್ಲಿ ಹೆಸರು ಹಾಕಿ ಹುಡುಕಿ. ಹೋಟೇಲಿನಲ್ಲಿ ದುಡಿಯುತ್ತಿದ್ದಾಗ ಗಲ್ಲೆಯ ಧಣಿ ತೆರೆಸಿದ್ದ ಮಾವನ ಖಾತೆಯೊಂದು ಹಾಗೆ ಸಿಕ್ಕಿತು. ಇದ್ದದ್ದು ನಾಲ್ಕು ಸಾವಿರ ಚಿಲ್ಲರೆ. ಆ ದಿನ ಮನೆಗೆಲ್ಲ ಜಿಲೇಬಿ ತಂದವರು ಅವರೇ.

ಬಾಕಿ ಸಂಬಳಕ್ಕೆ ವಿದೇಶಾಂಗ ಇಲಾಖೆಯ ‘ಮದದ್’ ಪೋರ್ಟಲಿನಲ್ಲಿ ದೂರು ಹಾಕಿ, ಕರಾರು, ಚೀಟಿ, ವಾಟ್ಸಾಪ್ ಸಂದೇಶ ಜೋಡಿಸಿ. ಬೇಗ ಬರುತ್ತದೆ ಎಂಬ ಆಸೆ ಹುಟ್ಟಿಸಬೇಡಿ, ಕಂಪನಿಯೇ ಸುಟ್ಟುಹೋಗಿರುತ್ತದೆ. ಪರದೇಶಕ್ಕೆ ದುಡಿಯಲು ಹೋಗುವವರ ವಿಮೆಯಾದ ‘ಪ್ರವಾಸಿ ಭಾರತೀಯ ಬಿಮಾ’ ಪಾಲಿಸಿ ಇದೆಯೇ ಎಂದೂ ನೋಡಿ, ಆದರೆ ಅದು ವಲಸೆ ಪರವಾನಗಿ ಬೇಕಾದವರಿಗೆ ಕಡ್ಡಾಯ, 50 ದಾಟಿದವರಿಗೆ ಆ ಪರವಾನಗಿ ಬೇಕಿಲ್ಲದ್ದರಿಂದ ಅವರಲ್ಲಿ ಅದು ಇಲ್ಲದಿರುವುದೇ ಹೆಚ್ಚು. ‘ಸುಡಾನ್ ಪರಿಹಾರ ಬಂದಿದೆ, ಒಟಿಪಿ ಹೇಳಿ’ ಎಂದು ಫೋನು ಬಂದರೆ ಕಟ್ ಮಾಡಿ. ಹಣ ಹೋಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮಾಸಾಶನದಲ್ಲಿ ಒಂದು ಕೊಕ್ಕೆ ಇದೆ. ಮಹಾರಾಷ್ಟ್ರದ ‘ಶ್ರಾವಣ ಬಾಳ’ ಯೋಜನೆ 65 ದಾಟಿದ ಬಡವರಿಗೆ, ಆದರೆ ರಾಜ್ಯದಲ್ಲಿ 15 ವರ್ಷ ವಾಸವಿದ್ದ ಪುರಾವೆ ಕೇಳುತ್ತಾರೆ. ಇಪ್ಪತ್ತಾರು ವರ್ಷ ಹೊರಗಿದ್ದವರು ಎಲ್ಲಿಂದ ತರುವುದು? ಊರಿನಲ್ಲೇ ನೆಲೆಸುವವರಾದರೆ ಕರ್ನಾಟಕದ ‘ಸಂಧ್ಯಾ ಸುರಕ್ಷಾ’ಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕುವುದು ಲೇಸು. ಊರಿನ ರೇಷನ್ ಕಾರ್ಡಿನಲ್ಲಿ ಹೆಸರು ಉಳಿದಿದ್ದರೆ ‘ಒಂದು ದೇಶ ಒಂದು ಕಾರ್ಡು’ ನಿಯಮದಲ್ಲಿ ಮುಂಬೈಯಲ್ಲೇ ಅಕ್ಕಿ ಸಿಗುತ್ತದೆ.

ಖೋಲಿ ಯಾರದು?

ಇದನ್ನು ಬರೆಯಲು ಮುಜುಗರ, ಆದರೂ ಬರೆಯಬೇಕು. ಪರದೇಶಕ್ಕೆ ಹೋದವರ ಖೋಲಿಯಲ್ಲಿ ತಮ್ಮನ ಮಗನೋ ಅಳಿಯನೋ ಕೂತಿರುತ್ತಾನೆ. ಆ ಹೊತ್ತಿಗೆ ಝೋಪಡಪಟ್ಟಿಯ ಪುನರ್ವಸತಿ ಸರ್ವೆ ಆಗಿ, ಹೊಸ ಮನೆಗೆ ಅರ್ಹರಾದವರ ‘ಅನೆಕ್ಶರ್-2’ ಪಟ್ಟಿಯಲ್ಲಿ ಕೂತವನ ಹೆಸರು ಬಿದ್ದಿರುತ್ತದೆ. ಪಗಡಿ ಖೋಲಿಯಾದರೆ (ಮೊದಲೇ ದೊಡ್ಡ ಮೊತ್ತ ಕೊಟ್ಟು ಕಡಿಮೆ ಬಾಡಿಗೆಗೆ ಹಿಡಿದದ್ದು) ಬಾಡಿಗೆ ರಶೀದಿ ಬೇರೆಯವರ ಹೆಸರಿಗೆ ಹೊರಳಿರುತ್ತದೆ. ಬಂದ ಮೊದಲ ತಿಂಗಳಲ್ಲೇ ಹಳೆಯ ರಶೀದಿ, ಲೈಟ್ ಬಿಲ್ಲು, ಮತದಾರರ ಪಟ್ಟಿ ಹುಡುಕಿಸಿ. ಜಗಳ ಆಮೇಲೆ ಆಡಿದರಾಯಿತು.

ಯಾವ ಕಾರಣಕ್ಕೂ ಅವರಿಂದ ‘ಜನರಲ್ ಪವರ್ ಆಫ್ ಅಟಾರ್ನಿ’ (ಎಲ್ಲ ವ್ಯವಹಾರದ ಅಧಿಕಾರಪತ್ರ) ಬರೆಸಿಕೊಳ್ಳಬೇಡಿ, ನೀವು ಎಷ್ಟೇ ಒಳ್ಳೆಯವರಾದರೂ. ಒಂದು ಕೆಲಸಕ್ಕೆ ಒಂದು ಪತ್ರ, ಆ ಕೆಲಸ ಮುಗಿದರೆ ಪತ್ರವೂ ಮುಗಿಯಬೇಕು. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ, ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ ಆ ಪತ್ರವನ್ನೇ ರದ್ದು ಮಾಡಿಸಬಹುದು, 23ನೆಯ ಕಲಂ. ಷರತ್ತು ಪತ್ರದಲ್ಲೇ ಬರೆದಿದ್ದರೆ ಕೆಲಸ ಸುಲಭ. ಮಕ್ಕಳು ನೋಡದಿದ್ದರೆ ಜೀವನಾಂಶಕ್ಕೆ ಪ್ರಾಂತ ಅಧಿಕಾರಿಯ (ಉಪವಿಭಾಗಾಧಿಕಾರಿಯ) ನ್ಯಾಯಮಂಡಳಿಗೆ ಸಾದಾ ಅರ್ಜಿ ಸಾಕು. ಹಿರಿಯರ ಸಹಾಯವಾಣಿ 14567, ದಾರಿ ತೋರಿಸುತ್ತಾರೆ. ಯಾರೂ ಇಲ್ಲದೆ ಬಂದವರಿಗೂ ಅದೇ ನಂಬರು.

ಗಂಡ ಅಲ್ಲೇ ಕಾಣೆಯಾಗಿ ಒಬ್ಬರೇ ಮರಳಿದ ಹೆಂಗಸರ ಕಷ್ಟ ಇನ್ನೂ ದೊಡ್ಡದು. ಮರಣಪತ್ರವಿಲ್ಲದೆ ಬ್ಯಾಂಕು, ವಿಮೆ ಯಾವುದೂ ಅಲ್ಲಾಡುವುದಿಲ್ಲ. ಏಳು ವರ್ಷ ಸುಳಿವಿಲ್ಲದಿದ್ದರೆ ಸತ್ತರೆಂದು ಭಾವಿಸುವ ಅವಕಾಶ ಕಾನೂನಿನಲ್ಲಿದೆ, ಆದರೆ ಆ ಲೆಕ್ಕಕ್ಕೆ ಕೊನೆಯ ಸುದ್ದಿ ಯಾವಾಗ ಬಂತೆಂಬ ದಾಖಲೆ ಬೇಕು. ಅದಕ್ಕಾಗಿ ಇಂದೇ ‘ಮದದ್’ನಲ್ಲಿ ಕಾಣೆಯಾದ ದೂರು ದಾಖಲಿಸಿ, ಕೊನೆಯ ಕರೆಯ ದಿನ ಬರೆದಿಡಿ. ಅವರೆದುರು ‘ಏಳು ವರ್ಷ’ದ ಮಾತು ಎತ್ತಬೇಡಿ, ಕೇಳಿದಾಗ ಹೇಳಿ. ಇನ್ನೊಂದು: ಮರಳಿ ಬಂದ ಅತ್ತೆ, ದೊಡ್ಡಮ್ಮಂದಿರನ್ನು ಮೊಮ್ಮಕ್ಕಳ ಆಯಾ ಮಾಡಿ ಕೂರಿಸುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಅವರಿಗೆ ಇಷ್ಟವಿದೆಯೇ ಎಂದು ಒಮ್ಮೆ ಕೇಳಿ.

ಸದ್ದು ಮತ್ತು ನಿದ್ದೆ

ಅಸಲ್ಫಾದ ಮೇಲೆಯೇ ವಿಮಾನಗಳು ಇಳಿಯುತ್ತವೆ. ನಮಗೆ ಅದು ಕೇಳಿಸುವುದೂ ಇಲ್ಲ. ಮಾವ ಪ್ರತಿ ಸಲ ಗೋಡೆಗೆ ಒರಗುತ್ತಿದ್ದರು. ಹೆದರಬೇಡಿ ಎಂದು ಹೇಳಿ ಫಲವಿಲ್ಲ. ನನ್ನ ಮಗಳು ವಿಮಾನದ ಆ್ಯಪ್ ತೋರಿಸಿ, ‘ಅಜ್ಜ, ಇದು ದುಬೈಯದ್ದು, ಇದು ಮಂಗಳೂರಿನದ್ದು’ ಎಂದು ಹೆಸರು ಹೇಳತೊಡಗಿದಳು. ಸದ್ದಿಗೆ ಹೆಸರು ಸಿಕ್ಕಮೇಲೆ ಒರಗುವುದು ಕಡಿಮೆಯಾಯಿತು. ದಹಿ ಹಂಡಿ, ಗಣಪತಿ, ದೀಪಾವಳಿಯ ಪಟಾಕಿಗಳ ಬಗ್ಗೆ ಒಂದು ದಿನ ಮೊದಲೇ ಹೇಳಿಡಿ, ಆ ಸಂಜೆ ಬೇರೆ ಕಡೆ ಕರೆದುಕೊಂಡು ಹೋಗಿ.

ಕೆಟ್ಟ ಕನಸು, ಬೆಚ್ಚಿಬೀಳುವುದು ಮೊದಲ ವಾರಗಳಲ್ಲಿ ಸಹಜ, ಬಹಳ ಜನರಿಗೆ ತಾನಾಗಿ ಇಳಿಯುತ್ತದೆ. ಒಂದು ತಿಂಗಳು ದಾಟಿಯೂ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಬದುಕಿದ್ದೇ ತಪ್ಪಾಯಿತು ಎನ್ನುತ್ತಾರೆ ಎಂದಾದರೆ ಸುಮ್ಮನಿರಬೇಡಿ. ನಮ್ಮ ಗಂಡಸರು ‘ಮನಸ್ಸಿಗೆ ಬೇಸರ’ ಎನ್ನುವುದಿಲ್ಲ, ‘ಸೊಂಟ ನೋವು, ಗ್ಯಾಸು’ ಎನ್ನುತ್ತಾರೆ. ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ. ಮುಂಬೈಯಲ್ಲಿ ಕೂತು ಕನ್ನಡದಲ್ಲಿ ಅಳಲು ಸಿಗುವ ಜಾಗ ಕಡಿಮೆ, ಬಳಸಿಕೊಳ್ಳಿ.

ಮೂರನೆಯ ತಿಂಗಳು ಒಂದು ಬೆಳಿಗ್ಗೆ ಮಾವ ಚೀಲದಿಂದ ಸೌಟು ತೆಗೆದು ಸಾಂಬಾರು ಮಾಡಿದರು, ಐವತ್ತು ಜನರ ಅಳತೆಯಲ್ಲಿ. ಚಾಳಿಗೆಲ್ಲ ಹಂಚಿದೆವು. ಅಂದಿನಿಂದ ಭಾನುವಾರದ ಅಡುಗೆ ಅವರದು, ಸಾಮಾನಿನ ಲೆಕ್ಕವೂ ಅವರದು.

ಊರಿಗೆ ಹೋಗುತ್ತೇನೆ ಎಂದರೆ

ಒಮ್ಮೆ ಹೋಗಿ ನೋಡಿ ಬರಲಿ, ನಿರ್ಧಾರ ಆಮೇಲೆ. ಕುರ್ಲಾದಿಂದ ಮತ್ಸ್ಯಗಂಧಾದಲ್ಲಿ ಟಿಕೆಟ್ಟು ತೆಗೆಯುವಾಗ ಕೆಳಗಿನ ಬರ್ತಿನ ಹಿರಿಯರ ಕೋಟಾ ಗುರುತು ಹಾಕಿ. ರೈಲ್ವೆಯ ಹಳೆಯ ಹಿರಿಯರ ರಿಯಾಯಿತಿ 2020ರಿಂದ ನಿಂತಿದೆ. ಮಾವ ಒಂದು ತಿಂಗಳೆಂದು ಹೋದವರು ಹನ್ನೊಂದು ದಿನಕ್ಕೆ ವಾಪಸು ಬಂದರು. ಓರಗೆಯವರು ಯಾರೂ ಉಳಿದಿರಲಿಲ್ಲವಂತೆ.

ರೆಕ್ಸಿನ್ ಚೀಲ ಇವತ್ತಿಗೂ ಬಾಗಿಲ ಹತ್ತಿರವೇ ಇದೆ, ಎರಡು ಅಂಗಿ ಒಂದು ಲುಂಗಿ ಮಡಚಿಟ್ಟುಕೊಂಡು. ಅತ್ತಿಗೆ ಒಮ್ಮೆ ಕಪಾಟಿಗೆ ಎತ್ತಿಟ್ಟಾಗ ರಾತ್ರಿಯಿಡೀ ಹುಡುಕಿದರು. ಅಂಥ ಚೀಲ ನಿಮ್ಮ ಮನೆಯಲ್ಲಿದ್ದರೆ ಬಿಚ್ಚಿಸಲು ಹೋಗಬೇಡಿ. ಅವರನ್ನು ಕೇಳಿಕೊಂಡು ಅದರೊಳಗೆ ಆಧಾರ್, ಪಾಸ್‌ಪೋರ್ಟ್, ವಯ ವಂದನ ಕಾರ್ಡಿನ ಝೆರಾಕ್ಸು, ಮಾತ್ರೆಗಳ ಪಟ್ಟಿ, ನಿಮ್ಮ ಫೋನ್ ನಂಬರು ಬರೆದ ಚೀಟಿ ಇಡಿ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ. ಮುಂಬೈಯ ಮಳೆಗಾಲದಲ್ಲಿ ಝೆರಾಕ್ಸಿನ ಮಸಿ ಒಂದಕ್ಕೊಂದು ಅಂಟುತ್ತದೆ, ಪ್ರತಿ ಜೂನಿನಲ್ಲಿ ಹೊಸದು ಮಾಡಿಸಿ.